ಪುಸ್ತಕದಲ್ಲಿ 112, ಮೀಟರಿನಲ್ಲಿ 168

ಸಿರ್ಸಿ ಕಡೆಯ ಒಂದು ಅಡಿಕೆ ತೋಟದ ಮನೆಯ ಸೊಸೆ ಇವರು. ನಾಗವೇಣಿ ಅಂತ ಕರೆಯೋಣ, ನಿಜವಾದ ಹೆಸರು ಅದಲ್ಲ. ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. "ನನ್ನ ಹಾಗೆ ಇನ್ನೊಬ್ಬಳು ಸುಳ್ಳು ಬರೆಯೋದು ಬೇಡ, ಬರೀರಿ ಅಕ್ಕಾ" ಅಂದರು.

ಆಸ್ಪತ್ರೆಯಲ್ಲಿ ಸಮಾಲೋಚಕಿಯಾದ ನನ್ನ ಬಳಿ ಅವರನ್ನು ಕಳಿಸಿದ್ದು ಹೆರಿಗೆ ಡಾಕ್ಟರ್. ಜೋರು ಮಳೆಗಾಲ. ಮೂವತ್ತು ವಾರ ತುಂಬಿತ್ತು. ಐದು ವಾರದ ಹಿಂದೆ ಗರ್ಭಿಣಿಯರಿಗೆ ಬರುವ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿತ್ತು. ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಮನೆಗೆ ತಂದಿದ್ದರು. ದಿನಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಚಂದದ ಅಕ್ಷರ, ಸ್ಕೇಲ್ ಇಟ್ಟು ಎಳೆದ ಕೆಂಪು ಗೀಟು. ಊಟವಾಗಿ ಎರಡು ಗಂಟೆಗೆ 112, 115, 110, 114. ಎಲ್ಲ 120ರ ಒಳಗೇ, ಇರಬೇಕಾದ್ದೂ ಹಾಗೆಯೇ. ಆದರೆ ಸ್ಕ್ಯಾನಿಂಗ್ ಬೇರೆಯೇ ಹೇಳುತ್ತಿತ್ತು. ಮಗುವಿನ ಹೊಟ್ಟೆಯ ಸುತ್ತಳತೆ ವಾರದ ಲೆಕ್ಕಕ್ಕಿಂತ ಮುಂದಿತ್ತು. ಗರ್ಭದ ನೀರೂ ಸ್ವಲ್ಪ ಜಾಸ್ತಿ ಇತ್ತು. ತಾಯಿಯ ಸಕ್ಕರೆ ಏರಿದ್ದರೆ ಹೀಗಾಗಬಹುದು. "ಪುಸ್ತಕಕ್ಕೂ ಸ್ಕ್ಯಾನಿಗೂ ತಾಳೆ ಆಗ್ತಿಲ್ಲ. ಬೈದು ಕೇಳುವ ವಿಷಯ ಅಲ್ಲ. ನೀವು ಸ್ವಲ್ಪ ಮಾತಾಡಿ" ಅಂದರು ಡಾಕ್ಟರ್.

ನಾನು ಮೀಟರ್ ತೋರಿಸಿ ಅನ್ನಲಿಲ್ಲ. ಮೀಟರಿನಲ್ಲಿ ಹಳೆಯ ಅಂಕಿಗಳು ಉಳಿದಿರುತ್ತವೆ, ತೆಗೆದು ನೋಡಿದರೆ ಒಂದು ನಿಮಿಷದ ಕೆಲಸ. ಆದರೆ ಹಾಗೆ ಹಿಡಿದುಬಿಟ್ಟರೆ ಅವರು ಮತ್ತೆ ನನ್ನ ಕೋಣೆಗೆ ಬರುವುದಿಲ್ಲ. "ಈ ಪುಸ್ತಕ ಬರೆಯುವಾಗ ಮನಸ್ಸಿಗೆ ಹೇಗಾಗುತ್ತೆ?" ಅಂತಷ್ಟೇ ಕೇಳಿದೆ. ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಚೀಲದಿಂದ ತಾವೇ ಮೀಟರ್ ತೆಗೆದು ಮೇಜಿನ ಮೇಲಿಟ್ಟರು. 168, 154, 171. ಇಟ್ಟ ಕೈ ನಡುಗುತ್ತಿತ್ತು.

ಸುಳ್ಳು ಎಲ್ಲಿಂದ ಶುರುವಾಯಿತು ಅಂತ ಅವರೇ ಹೇಳಿದರು. ಮೊದಲ ವಾರ ನಿಜವನ್ನೇ ಬರೆದಿದ್ದರಂತೆ. ಆಗ ತೋರಿಸಿಕೊಂಡ ಕಡೆ ಒಬ್ಬ ಸಿಬ್ಬಂದಿ ಪುಸ್ತಕ ನೋಡಿ, ಎಲ್ಲರ ಎದುರಿಗೇ, "ಇಷ್ಟು ದಿನ ಸಿಹಿ ಬಿಡೋಕಾಗಲ್ವಾ, ಮಗು ಬೇಡ್ವಾ ನಿಮಗೆ?" ಅಂದರಂತೆ. ಎರಡು ವರ್ಷದ ಹಿಂದೆ ಇವರಿಗೆ ಮೂರನೇ ತಿಂಗಳಲ್ಲಿ ಗರ್ಭ ನಿಂತಿರಲಿಲ್ಲ. ಅದಕ್ಕೂ ತಾನೇ ಕಾರಣ ಅನ್ನುವ ಯೋಚನೆ ಒಳಗೆ ಕೂತಿತ್ತು. ಆ ಗಾಯದ ಮೇಲೆ ಈ ಮಾತು ಬಿತ್ತು. ಮರುದಿನದಿಂದ ಪುಸ್ತಕದಲ್ಲಿ ಒಳ್ಳೆಯ ಅಂಕಿಗಳು ಬಂದವು.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾವೆಲ್ಲ ಇದನ್ನು ಗಮನಿಸಬೇಕು. "ಏನು ತಿಂದ್ರಿ?" ಅನ್ನುವ ಪ್ರಶ್ನೆಯನ್ನು ಪೊಲೀಸರ ಹಾಗೆ ಕೇಳಿದರೆ ಉತ್ತರವೂ ಪೊಲೀಸರಿಗೆ ಹೇಳಿದ ಹಾಗೇ ಬರುತ್ತದೆ. ಕೊನೆಗೆ ಮೋಸ ಹೋಗುವುದು ಹೊಟ್ಟೆಯಲ್ಲಿರುವ ಕೂಸು.

ಇನ್ನೊಂದನ್ನೂ ಮಾಡುತ್ತಿದ್ದರು. ರಾತ್ರಿ ಊಟ ಬಿಡುತ್ತಿದ್ದರು. ಒಂದು ಲೋಟ ಮಜ್ಜಿಗೆ ಕುಡಿದು ಮಲಗುವುದು. ಆದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 104. ಇರಬೇಕಾದ್ದು 95ರ ಒಳಗೆ. "ತಿನ್ನದೇ ಇದ್ದರೂ ಏರುತ್ತೆ ಅಂದ್ರೆ ನನ್ನ ದೇಹವೇ ಸರಿ ಇಲ್ಲ ಅಲ್ವಾ ಅಕ್ಕಾ?" ಅಂತ ಅತ್ತರು.

ಆ ದಿನ ನಾನು ಸಲಹೆ ಅಂತ ಹೆಚ್ಚೇನೂ ಕೊಡಲಿಲ್ಲ. ಒಳಗೆ ಏನಾಗುತ್ತಿದೆ ಅನ್ನುವುದನ್ನು ಬಿಡಿಸಿ ಹೇಳಿದೆ. ಮಗುವಿಗೆ ಅನ್ನ ನೀರು ಸಾಗಿಸುವ ಮಾಸು ಇದೆಯಲ್ಲ, ಡಾಕ್ಟರ್ ಪ್ಲಾಸೆಂಟಾ ಅನ್ನುತ್ತಾರೆ, ಅದು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಮಗುವಿಗೆ ಸಾಕಷ್ಟು ಸಕ್ಕರೆ ಸಿಗಲಿ ಅಂತ ಅವು ತಾಯಿಯ ದೇಹದಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ನ ಬಲವನ್ನು ಕಡಿಮೆ ಮಾಡುತ್ತವೆ. ಇದು ಎಲ್ಲ ಬಸುರಿಯರಲ್ಲೂ ನಡೆಯುತ್ತದೆ. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ. ಕೆಲವರಿಗೆ ಅಷ್ಟು ಆಗುವುದಿಲ್ಲ. ಮಾಸು ಬೆಳೆದಂತೆ ಈ ಒತ್ತಡ ಜಾಸ್ತಿ ಆಗುತ್ತದೆ. ಅದಕ್ಕೇ ಮೊದಲ ತಪಾಸಣೆಯಲ್ಲಿ ಸರಿ ಇದ್ದರೂ 24ರಿಂದ 28ನೇ ವಾರದ ಒಳಗೆ ಮತ್ತೊಮ್ಮೆ ನೋಡುವುದು. 75 ಗ್ರಾಂ ಗ್ಲುಕೋಸ್ ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಮೇಲೆ ಬಂದರೆ ಈ ಕಾಯಿಲೆ ಅಂತ ಲೆಕ್ಕ. ನಾಗವೇಣಿಯವರಿಗೆ 172 ಬಂದಿತ್ತು.

ಬೆಳಗಿನ 104ಕ್ಕೂ ಕಾರಣ ಇದೆ. ನಾವು ಮಲಗಿದಾಗಲೂ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಅದನ್ನು ಹಿಡಿದಿಡಬೇಕಾದ ಇನ್ಸುಲಿನ್ ಸಾಲದಿದ್ದರೆ ಊಟ ಬಿಟ್ಟವರಿಗೂ ಬೆಳಿಗ್ಗೆ ಏರುತ್ತದೆ. ಉಪವಾಸದಿಂದ ಅದು ಇಳಿಯುವುದಿಲ್ಲ. ಮೇಲಿಂದ ದೇಹ ಕೊಬ್ಬನ್ನು ಕರಗಿಸಲು ಹೋಗಿ ರಕ್ತದಲ್ಲಿ ಕೀಟೋನ್ ಅನ್ನುವ ವಸ್ತು ಸೇರುತ್ತದೆ. ಬಸುರಿಯಲ್ಲಿ ಅದು ಒಳ್ಳೆಯದಲ್ಲ. "ಇದು ನಿಮ್ಮ ನಾಲಿಗೆಯ ತಪ್ಪಲ್ಲ" ಅಂದೆ. ಆ ಮಾತಿಗೆ ಅವರು ತಲೆ ಎತ್ತಿ ನೋಡಿದರು.

ನಿಜವಾದ ಪುಸ್ತಕವನ್ನು ಡಾಕ್ಟರಿಗೆ ತೋರಿಸುವುದು ಹೇಗೆ ಅಂತ ಹೆದರಿಕೆ ಇತ್ತು. ಇಬ್ಬರೂ ಒಟ್ಟಿಗೆ ಹೋದೆವು. ಡಾಕ್ಟರ್ ಮೀಟರ್ ನೋಡಿ, "ಈಗ ನನಗೆ ಕೆಲಸ ಮಾಡೋಕೆ ಆಗುತ್ತೆ" ಅಂದರು, ಅಷ್ಟೇ. ಎರಡು ವಾರ ಪಥ್ಯ ಮಾಡಿಯೂ ಊಟದ ನಂತರದ ಅಂಕಿ 120 ದಾಟುತ್ತಿದ್ದರೆ ಔಷಧಿ ಬೇಕು ಅನ್ನುವುದು ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಇಲ್ಲಿ ಐದು ವಾರ ಕಳೆದಿತ್ತು. ಇನ್ಸುಲಿನ್ ಶುರು ಮಾಡಬೇಕು ಅಂದರು.

ಆಗ ಅತ್ತೆಯ ವಿಷಯ ಬಂತು. ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಬನ್ನಿ ಅಂದೆ. ಬಂದರು. ಕವಳದ ಸಂಚಿ, ಛತ್ರಿ, ನನಗೂ ಒಂದು ಪೊಟ್ಟಣ ಹಲಸಿನ ಹಪ್ಪಳ. ಪ್ರೀತಿಯ ಹೆಂಗಸು. ಬೆಳಿಗ್ಗೆ ನಾಲ್ಕು ತೆಳ್ಳೇವು, ಅಂದರೆ ತೆಳು ದೋಸೆ, ಮೇಲೆ ತುಪ್ಪ ಮತ್ತು ಜೋನಿ ಬೆಲ್ಲ. ಹತ್ತು ಗಂಟೆಗೆ ಹಾಲು, ಬೆಲ್ಲ ಹಾಕಿದ ಕಷಾಯ. "ತಂಗೀ, ಎರಡು ಜೀವ, ಸಮಾ ಉಣ್ಣು" ಅಂತ ಮಧ್ಯಾಹ್ನ ಮೂರು ಸಲ ಅನ್ನ. ಸಕ್ಕರೆಯನ್ನು ಮಾತ್ರ ಅವರು ಯಾವತ್ತೋ ನಿಲ್ಲಿಸಿದ್ದರು. "ಬೆಲ್ಲ ಎಂತ ಮಾಡ್ತು? ಎಂಗಳ ಆಲೆಮನೆ ಬೆಲ್ಲ, ಅಂಗಡಿ ಸಕ್ಕರೆ ಅಲ್ದಲಾ" ಅಂದರು.

ಬೆಲ್ಲ ಎಷ್ಟೇ ಶುದ್ಧವಾಗಿದ್ದರೂ ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯೇ. ಜೇನುತುಪ್ಪವೂ ಅಷ್ಟೇ. ಇದನ್ನು ಹೇಳುವುದು ಸುಲಭ. ಆದರೆ ಅವರ ಕೈಯಿಂದ ಬೆಲ್ಲದ ಗಿಂಡಿ ಕಿತ್ತುಕೊಂಡರೆ ಸೊಸೆಗೆ ಪ್ರೀತಿ ತೋರಿಸುವ ದಾರಿಯನ್ನೂ ಕಿತ್ತುಕೊಂಡ ಹಾಗೆ ಅಲ್ವಾ? ಹಾಗಾಗಿ ಅಡುಗೆಯ ಜವಾಬ್ದಾರಿಯನ್ನು ಪೂರ್ತಿ ಅವರಿಗೇ ಕೊಟ್ಟೆ. ಮೊದಲು ಯಾರೋ ಕೊಟ್ಟಿದ್ದ ಪಥ್ಯದ ಚೀಟಿಯಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಮೊಳಕೆ ಕಾಳಿನ ಸಲಾಡ್ ಇತ್ತು. ಆ ಮನೆಯಲ್ಲಿ ಅದು ನಾಲ್ಕು ದಿನವೂ ನಡೆದಿರಲಿಲ್ಲ. ನಡೆಯುವಂಥದ್ದೂ ಅಲ್ಲ. ನಮ್ಮ ಆಸ್ಪತ್ರೆಯ ಆಹಾರ ತಜ್ಞೆ ಅಳತೆ ಹೇಳಿದರು, ಅಡುಗೆ ಅತ್ತೆಯೇ ಯೋಚಿಸಿದರು. ತೆಳ್ಳೇವು ಎರಡು, ಜೊತೆಗೆ ಕಾಯಿ ಚಟ್ನಿ. ಇಲ್ಲದಿದ್ದರೆ ಹೆಸರುಕಾಳು ಅರೆದ ದೋಸೆ. ಕಷಾಯಕ್ಕೆ ಜೀರಿಗೆ ಕೊತ್ತಂಬರಿ ಒಂದು ಪಾಲು ಹೆಚ್ಚು, ಬೆಲ್ಲ ಇಲ್ಲ. ಅನ್ನ ಒಂದೇ ಸಲ, ಅಳತೆಯ ಸೌಟಿನಲ್ಲಿ. ಅದರ ಸುತ್ತ ಬಸಳೆ ಹುಳಿ, ಪಲ್ಯ, ಒಂದೆಲಗದ ತಂಬುಳಿ, ಮಜ್ಜಿಗೆ. ದಿನದ ಊಟವನ್ನು ಮೂರು ದೊಡ್ಡ ಹೊತ್ತು, ನಡುವೆ ಚಿಕ್ಕ ಹೊತ್ತುಗಳಾಗಿ ಹಂಚಿದರು. ಮಲಗುವ ಮುಂಚೆ ಸಕ್ಕರೆ ಹಾಕದ ಹಾಲು. ರಾತ್ರಿ ಉಪವಾಸ ನಿಂತಿತು.

ಕರಾವಳಿ ಕಡೆಯವರು ಬಂದಾಗ ಇದೇ ಲೆಕ್ಕವನ್ನು ಕುಚಲಕ್ಕಿ ಗಂಜಿ ಮತ್ತು ಬಂಗಡೆ ಸಾರಿನ ಮೇಲೆ ಹಾಕುತ್ತೇವೆ. ಗಂಜಿ ಕಡಿಮೆ, ಮೀನು ತರಕಾರಿ ಜಾಸ್ತಿ. ಪಥ್ಯ ಆಯಾ ಮನೆಯ ಒಲೆಯ ಮೇಲೆ ಬೇಯುವಂಥದ್ದಾಗಿರಬೇಕು.

ಇನ್ಸುಲಿನ್ ಅಂದಾಗ ಮಾತ್ರ ಅತ್ತೆಯ ಮುಖ ಬಾಡಿತು. ಅವರ ಅಣ್ಣನಿಗೆ ಇನ್ಸುಲಿನ್ ಶುರುವಾದ ವರ್ಷವೇ ಕಾಲು ತೆಗೆಯಬೇಕಾಯಿತಂತೆ. ಇನ್ಸುಲಿನ್ನೇ ಕಾಲು ತೆಗೆದದ್ದು ಅಂತ ಮನೆಯವರೆಲ್ಲ ನಂಬಿದ್ದರು. ಕಾಲು ಹೋದದ್ದು ಅದಕ್ಕೂ ಮುಂಚಿನ ಎಷ್ಟೋ ವರ್ಷ ಏರಿಯೇ ಇದ್ದ ಸಕ್ಕರೆಯಿಂದ. ಇನ್ಸುಲಿನ್ ಬಂದದ್ದು ತಡವಾಗಿ. ಇದನ್ನು ಎರಡು ಸಲ ಹೇಳಬೇಕಾಯಿತು. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಚುಚ್ಚಿಕೊಂಡ ಇನ್ಸುಲಿನ್ ಹೋಗುವುದಿಲ್ಲ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಹೆಚ್ಚಿನವರಿಗೆ ಇನ್ಸುಲಿನ್ ಬೇಕಾಗುವುದೇ ಇಲ್ಲ. "ಹಂಗಾರೆ ಇದು ಕೂಸಿಗೆ ಬೇಲಿ ಹಾಕಿದ ಹಾಂಗೆ" ಅಂದರು ಅತ್ತೆ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು.

ನರ್ಸ್ ಚುಚ್ಚಿಕೊಳ್ಳುವುದನ್ನು ಕಲಿಸಿದರು. ಬಾಟಲಿ ಫ್ರಿಜ್ಜಿನಲ್ಲಿ ಇರಬೇಕು, ಮಂಜುಗಡ್ಡೆ ಕಟ್ಟುವ ಖಾನೆಯಲ್ಲಿ ಬೇಡ. ಮಳೆಗಾಲದಲ್ಲಿ ಅಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ, ಆಗ ನೀರಿನ ಮಣ್ಣಿನ ಮಡಕೆ ಸಾಕು. ಕೈ ನಡುಕ, ಬೆವರು, ತಡೆಯಲಾರದ ಹಸಿವು ಬಂದರೆ ಸಕ್ಕರೆ ಇಳಿದಿರಬಹುದು. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು.

ಗಂಡನಿಗೂ ಒಂದು ಕೆಲಸ ಕೊಟ್ಟೆ. ಊಟವಾದ ಮೇಲೆ ಹೆಂಡತಿಯ ಜೊತೆ ಕಾಲು ಗಂಟೆ ನಡೆಯುವುದು. ಹೊರಗೆ ಮಳೆ, ಇಂಬಳದ (ಜಿಗಣೆಯ) ಕಾಟ. ಉದ್ದ ಜಗಲಿಯಲ್ಲೇ ಈ ತುದಿಯಿಂದ ಆ ತುದಿಗೆ ನಡೆದರು. ಮನೆಯವರಿಗೆ ಹೇಳಿದ ಇನ್ನೊಂದು ಮಾತು, "ಎಷ್ಟು ಬಂತು?" ಅಂತ ಯಾರೂ ಕೇಳಬೇಡಿ. ಅಂಕಿಯ ಪಕ್ಕದಲ್ಲಿ ಏನು ಉಂಡದ್ದು, ನಿದ್ದೆ ಹೇಗಿತ್ತು, ನಡೆದದ್ದು ಎಷ್ಟು ಅಂತ ನಾಗವೇಣಿಯವರೇ ಬರೆಯುತ್ತಾರೆ. ಅದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಡಾಕ್ಟರಿಗೆ ಬರೆಯುವ ಕಾಗದ. ಒಂದು ದಿನ 149 ಬಂದಿತ್ತು. ಪಕ್ಕದಲ್ಲಿ "ಹಲಸಿನ ಹಣ್ಣಿನ ಕಡುಬು, ಎರಡು. ಮನಸ್ಸು ತಡೀಲಿಲ್ಲ" ಅಂತ ಬರೆದಿದ್ದರು. ಆ ಸಾಲು ಓದಿ ನನಗೆ ಸಮಾಧಾನವಾಯಿತು. ಇನ್ನು ಮುಚ್ಚಿಡುವುದಿಲ್ಲ ಅಂತ ಗೊತ್ತಾಯಿತು.

ಸೀಮಂತಕ್ಕೆ ಮೂರು ವಾರ ಇತ್ತು. ನಾಗವೇಣಿ ಬೇಡ ಅಂತ ಹಟ ಹಿಡಿದಿದ್ದರು. ನೂರು ಜನ ಬಂದು ಒಬ್ಬೊಬ್ಬರು ಒಂದೊಂದು ತುತ್ತು ಸಿಹಿ ಬಾಯಿಗಿಟ್ಟರೆ ಏನು ಮಾಡುವುದು? ಮಾಡಿ ಅಂದೆ. ಒಮ್ಮೆ ಕಳೆದುಕೊಂಡವರಿಗೆ ಆ ಹೂವು, ಆ ಹಸಿರು ಬಳೆ ಬೇಕು. ಊಟದ ಜೊತೆ ಒಂದೇ ಹೋಳಿಗೆ, ಅವತ್ತು ಅನ್ನ ಇನ್ನೂ ಕಡಿಮೆ, ಆಮೇಲೆ ಜಗಲಿ ನಡಿಗೆ ಅಂತ ಮಾತಾಯಿತು. ಬಾಯಿಗೆ ಸಿಹಿ ಇಡಲು ಬಂದವರಿಗೆ ಅತ್ತೆಯೇ ಅಡ್ಡ ನಿಂತು, "ಡಾಕ್ಟರು ಬೇಡ ಹೇಳಿದ್ದ, ಹೂ ಮುಡಿಸಿ ಸಾಕು" ಅಂದರಂತೆ.

38ನೇ ವಾರ ದಾಟಿದ ಮೇಲೆ ಹೆರಿಗೆಯಾಯಿತು. ಹೆಣ್ಣು ಮಗು, 3.3 ಕಿಲೋ. ಇಂಥ ಮಕ್ಕಳಿಗೆ ಹುಟ್ಟಿದ ಕೂಡಲೇ ಸಕ್ಕರೆ ಇಳಿಯುವ ಸಾಧ್ಯತೆ ಇರುತ್ತದೆ. ಅದಕ್ಕೆ ಮೊದಲ ಗಂಟೆಯೊಳಗೇ ಎದೆಹಾಲು ಕುಡಿಸಿದರು, ಹಿಮ್ಮಡಿ ಚುಚ್ಚಿ ನೋಡಿದರು. ಸರಿ ಇತ್ತು. ಇನ್ಸುಲಿನ್ ಅವತ್ತೇ ನಿಂತಿತು.

ನಾನು ಅವರನ್ನು ಬಿಡಲಿಲ್ಲ. ಬಾಣಂತನದಲ್ಲೂ ಫೋನ್ ಮಾಡುತ್ತಿದ್ದೆ. ಅಪರಾಧಿ ಭಾವ ಇದ್ದವರಿಗೆ ಹೆರಿಗೆಯ ಮೇಲೆ ಮನಸ್ಸು ಕುಸಿಯುವುದುಂಟು. ಎರಡು ವಾರಕ್ಕಿಂತ ಹೆಚ್ಚು ಅಳು, ಮಗು ಮಲಗಿದರೂ ನಿದ್ದೆ ಬಾರದಿರುವುದು, ತಾನು ಬೇಡವಾದವಳು ಅನಿಸುವುದು ಇದ್ದರೆ ತಡ ಮಾಡದೆ ಡಾಕ್ಟರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಕಾರಣಕ್ಕೂ ಫೋನ್ ಮಾಡುತ್ತಿದ್ದೆ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲುಕೋಸ್ ಪರೀಕ್ಷೆ ಆಗಬೇಕು. ನಮ್ಮ ಕಡೆ ತುಂಬಾ ಜನ ತಪ್ಪಿಸುವುದು ಇದನ್ನೇ. ತವರಿನಲ್ಲಿ ಇರುತ್ತಾರೆ, ಬಾಣಂತಿ ಹೊರಗೆ ಹೋಗಬಾರದು ಅನ್ನುತ್ತಾರೆ, ಇನ್ಸುಲಿನ್ ನಿಂತಿತಲ್ಲ ಅನ್ನುತ್ತಾರೆ. ಆದರೆ ಇವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ನಾಗವೇಣಿಯವರ ಆಯಿಗೂ, ಅಂದರೆ ಅಮ್ಮನಿಗೂ, ಫೋನಿನಲ್ಲಿ ಇದನ್ನೇ ಹೇಳಿದೆ. ಎಂಟನೇ ವಾರ ಆಯಿಯ ಜೊತೆ, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದರು. ಎರಡು ಗಂಟೆಯ ಅಂಕಿ 128. ಮುಂದೆ ವರ್ಷಕ್ಕೊಮ್ಮೆ ನೋಡಿಸಬೇಕು ಅಂದರು ಡಾಕ್ಟರ್. ನಾಗವೇಣಿ ತಮ್ಮ ‘ತಾಯಿ ಕಾರ್ಡಿ’ನ ಹಿಂದೆ ಮುಂದಿನ ವರ್ಷದ ತಿಂಗಳು ಬರೆದುಕೊಂಡರು. ಕೆಳಗೆ ಅತ್ತೆಯ ಹೆಸರನ್ನೂ ಬರೆದರು. ಅಣ್ಣನಿಗೆ ಇತ್ತು ಅಂದ ಮೇಲೆ ಅವರದೂ ಒಮ್ಮೆ ನೋಡಿಸಬೇಕಿತ್ತು.