ಕೆನರಿ ವಾರ್ಫ್‌ಗೆ ಅರ್ಧ ದಿನ ಕೊಡಬಹುದಾ?

ಲಂಡನ್ನಿನಲ್ಲಿ ಮೂರೇ ದಿನ ಇರುತ್ತೀರಿ, ಅಲ್ಲಿನ ಬ್ಯಾಂಕು-ಆಫೀಸುಗಳ ಪ್ರದೇಶವಾದ ಕೆನರಿ ವಾರ್ಫ್‌ನಲ್ಲಿ ಗಾಜಿನ ಕಟ್ಟಡ ಬಿಟ್ಟು ಬೇರೇನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ, ಸ್ವಲ್ಪ ಹುಡುಕಬೇಕು ಅಷ್ಟೇ.

ಮೊದಲು ಡಾಕ್‌ಲ್ಯಾಂಡ್ಸ್ ಮ್ಯೂಸಿಯಂಗೆ ಹೋಗಿ. ಪ್ರವೇಶ ಉಚಿತ. ಅದು ಇರುವುದೇ 1802ರ ಕಾಲದ ಸಕ್ಕರೆ ಗೋದಾಮಿನಲ್ಲಿ. ಕೆರಿಬಿಯನ್ ತೋಟಗಳಲ್ಲಿ ಗುಲಾಮರ ಕೈಯಲ್ಲಿ ಬೆಳೆಸಿದ ಕಬ್ಬಿನ ಸಕ್ಕರೆ ಇಲ್ಲೇ ಇಳಿಯುತ್ತಿತ್ತು. ಬಂದರಿನ ಹೆಸರು ವೆಸ್ಟ್ ಇಂಡಿಯಾ ಡಾಕ್ಸ್. ವೆಸ್ಟ್ ಇಂಡಿಯಾ ಅಂದರೆ ಆ ಕೆರಿಬಿಯನ್ ದ್ವೀಪಗಳು, ನಮ್ಮ ಇಂಡಿಯಾಕ್ಕೂ ಅದಕ್ಕೂ ಸಂಬಂಧ ಇಲ್ಲ! ಕಂಟೇನರ್ ಹಡಗುಗಳ ಕಾಲ ಬಂತು, ಆ ದೊಡ್ಡ ಹಡಗುಗಳಿಗೆ ಇಲ್ಲಿ ಜಾಗ ಸಾಲಲಿಲ್ಲ. 1980ರಲ್ಲಿ ಡಾಕ್ ಮುಚ್ಚಿತು, ಹಮಾಲರ ಕೆಲಸವೂ ಹೋಯಿತು. ಆಮೇಲೆ ಬ್ಯಾಂಕುಗಳು ಬಂದವು. 1991ರಲ್ಲಿ 235 ಮೀಟರ್ ಎತ್ತರದ ಗೋಪುರ ಎದ್ದಿತು. ಮರುವರ್ಷವೇ ಅದನ್ನು ಕಟ್ಟಿಸಿದ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ ದಿವಾಳಿ! 1999ರಲ್ಲಿ ಜ್ಯೂಬಿಲಿ ಲೈನ್ ರೈಲು ಬಂದ ಮೇಲೆಯೇ ಓಡಾಟ ಸಲೀಸಾಗಿದ್ದು.

ಮಾಲ್‌ಗಳಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ, ಬೆಂಗಳೂರಿನಲ್ಲೇ ಬೇಕಾದಷ್ಟಿವೆ ಅಲ್ವಾ. ಬದಲಿಗೆ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೇ) ರೈಲು ಹತ್ತಿ ಐಲ್ಯಾಂಡ್ ಗಾರ್ಡನ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಥೇಮ್ಸ್ ನದಿಯ ಅಡಿಯಲ್ಲಿರುವ 1902ರ ಸುರಂಗದಲ್ಲಿ ನಡೆದೇ ಆಚೆ ದಡದ ಗ್ರೀನಿಚ್ ಸೇರಬಹುದು.