ಬರ್ನ್‌ಔಟ್ ಆಗಿ ರಜೆಯಲ್ಲಿದ್ದೇನೆ, ಎಲ್ಲರೂ ಕಂಪನಿಯದೇ ತಪ್ಪು ಅಂತಾರೆ. ನನ್ನ ಪಾಲು ಏನೂ ಇಲ್ವಾ? ನಾನೇ ಗಟ್ಟಿ ಇಲ್ಲ, ನನ್ನ ಕೈಲಿ ಏನೂ ಆಗಲ್ಲ ಅನ್ನಿಸುತ್ತೆ.

ಇದೆ. ಆದರೆ "ನಾನೇ ಗಟ್ಟಿ ಇಲ್ಲ, ನನ್ನ ಕೈಲಿ ಏನೂ ಆಗಲ್ಲ" ಅಂತ ಬರೆದಿದ್ದೀರಲ್ಲ, ಅದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅಂದರೇನು ಅಂತ ವಿವರಿಸುವಾಗ ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಒತ್ತಡ ಸರಿಯಾಗಿ ನಿಭಾಯಿಸದೆ ಬಹಳ ಕಾಲ ಹಾಗೇ ಉಳಿದು ಬರುವಂಥದ್ದು ಅಂದಿತು. ಲಕ್ಷಣ ಮೂರು: ವಿಪರೀತ ಸುಸ್ತು, ಕೆಲಸ ಅಂದರೆ ಅಸಡ್ಡೆ, ಇನ್ನು ನನ್ನ ಕೈಲಾಗಲ್ಲ ಅನ್ನೋ ಭಾವನೆ. ನೀವು ಬರೆದಿರೋದು ಆ ಮೂರನೆಯದೇ ಅಲ್ವಾ? ಅದನ್ನೇ ಹಿಡಿದುಕೊಂಡು ನಿಮ್ಮ ತಪ್ಪು ಎಷ್ಟು ಅಂತ ಲೆಕ್ಕ ಹಾಕಬೇಡಿ.

ನನಗೂ ಹೀಗೇ ಆಗಿತ್ತು. ನಾನು ಬೆಂಗಳೂರಲ್ಲಿ ಅಮೆರಿಕದ ಕ್ಲೈಂಟ್‌ಗೆ ಸಪೋರ್ಟ್ ಮಾಡುತ್ತಿದ್ದೆ. ಹಗಲು ಟೀಮಿನ ಸ್ಟ್ಯಾಂಡಪ್ ಮೀಟಿಂಗ್, ರಾತ್ರಿ ಕ್ಲೈಂಟ್ ಕಾಲ್. ಟೀಮಲ್ಲಿ ಇಬ್ಬರು ಬಿಟ್ಟು ಹೋದರು, ಅವರ ಜಾಗಕ್ಕೆ ಯಾರನ್ನೂ ತಗೊಳ್ಳಲಿಲ್ಲ. ಅದು ಕಂಪನಿಯ ತಲೆಮೇಲೆ, ನಾನು ಯಾಕೆ ಹೊರಲಿ?

ರಜೆ ಹಾಕಿದ ಮೇಲಿಂದು ಮಾತ್ರ ನನ್ನದೇ ಆಗಿತ್ತು. ಮನೆಯಲ್ಲಿದ್ದೀನಿ ಅಂತ ಗೊತ್ತಾದ ತಕ್ಷಣ ನೆಂಟರೆಲ್ಲ ಚುರುಕಾದರು. "ಹೇಗೂ ಖಾಲಿ ಇದ್ದೀಯಲ್ಲ, ಗ್ಯಾಸ್ ಕೆವೈಸಿ ಮಾಡಿಸಿಕೊಂಡು ಬಾ", "ಛತ್ರ ನೋಡೋಕೆ ಜೊತೆಗೆ ಬಾ". ಇಲ್ಲ ಅನ್ನೋಕೆ ಅಲ್ಲಿ ಯಾವ ಎಚ್‌ಆರ್ ಬರುತ್ತಾರೆ? ನಾನೇ ಅಮ್ಮನ ಹತ್ತಿರ ಕೂತು, ಇದು ಸುಮ್ನೆ ಹಾಕಿದ ರಜೆಯಲ್ಲ, ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಬಿಡಿಸಿ ಹೇಳಬೇಕಾಯ್ತು. ಎದುರು ಮನೆಯವರ ಕೆಲಸ ಹೋದ ಮಗನ ಕಥೆ ತೆಗೆದರು, ಆಮೇಲೆ ಹೇಗೋ ಅರ್ಥ ಮಾಡಿಕೊಂಡರು. ಇನ್ನು ರಾತ್ರಿ ಎರಡರವರೆಗೂ ರೀಲ್ಸ್ ನೋಡಿ ಹಗಲೆಲ್ಲ ಮಲಗೋದನ್ನ ವಿಶ್ರಾಂತಿ ಅನ್ನೋಕಾಗಲ್ಲ. ಡಾಕ್ಟರ ಹತ್ತಿರ ಹೋಗೋದೂ ನಿಮ್ಮದೇ ಕೆಲಸ. ಥೈರಾಯ್ಡ್, ಬಿ12 ಕಡಿಮೆ ಇದ್ದರೂ ಹೀಗೇ ಸುಸ್ತಾಗುತ್ತದೆ, ಖಿನ್ನತೆಯೂ ಇರಬಹುದು. ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ವಾಪಸ್ ಹೋದ ಮೇಲೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಒಂದೇ ಒಂದು ಪ್ರಶ್ನೆ. ಮ್ಯಾನೇಜರ್ "ಈ ಸ್ಪ್ರಿಂಟ್‌ಗೆ (ಅಂದರೆ ಕೆಲವು ವಾರಗಳ ಕೆಲಸದ ಕಂತಿಗೆ) ಇದನ್ನೂ ಸೇರಿಸೋಣ" ಅಂದರೆ "ಸರಿ, ಯಾವುದನ್ನ ತೆಗೆಯೋಣ?" ಅಂತ ಕೇಳೋದು. ಜಗಳ ಬೇಡ, ವಿವರಣೆ ಬೇಡ. ಬಾಯಲ್ಲಿ ಕೇಳಿದ್ದನ್ನೇ ಆಮೇಲೆ ಒಂದು ಸಾಲಿನ ಮೇಲ್ ಹಾಕಿಬಿಡಿ. ಅರ್ಧಕ್ಕರ್ಧ ಸಲ ಅವರೇ ಒಂದು ಟಿಕೆಟ್, ಅಂದರೆ ಪಟ್ಟಿಯಲ್ಲಿರೋ ಒಂದು ಕೆಲಸ, ಮುಂದಕ್ಕೆ ಹಾಕುತ್ತಾರೆ.

ಪ್ರತಿ ಸಲವೂ "ಎರಡೂ ಆಗಬೇಕು" ಅಂತಲೇ ಉತ್ತರ ಬಂದರೆ ಬೇರೆ ಕೆಲಸ ಹುಡುಕಿ. ನೋಟಿಸ್ ಪೀರಿಯಡ್ 90 ದಿನ ಇದ್ದರೆ, ಪೂರ್ತಿ ಕುಸಿದು ಬೀಳೋವರೆಗೂ ಕಾಯಬೇಡಿ, ಇಎಂಐ ಲೆಕ್ಕ ಈಗಲೇ ಹಾಕಿಕೊಳ್ಳಿ.