ಹಳೆಯ ಟೂ-ಸ್ಟ್ರೋಕ್ ಪಂಪ್ ಎಂಜಿನ್‌ನ ಟೈಮಿಂಗ್ ಅನ್ನು (ಕಿಡಿ ಹಾರುವ ಗಳಿಗೆಯನ್ನು) ಮೂರ್ನಾಲ್ಕು ಡಿಗ್ರಿ ಅಡ್ವಾನ್ಸ್ ಮಾಡಿದರೆ, ಅಂದರೆ ಅಷ್ಟು ಬೇಗ ತಂದರೆ, ಎಳೆತ ಹೆಚ್ಚುತ್ತದೆಯೇ?

ಹೆಚ್ಚುತ್ತದೆ. ನನ್ನ ಎಂಜಿನ್‌ನಲ್ಲೂ ಹೆಚ್ಚಿತ್ತು, ಪಿಸ್ಟನ್ ತೂತಾಗುವವರೆಗೆ.

ನಿಮ್ಮದೂ ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸಣ್ಣ ಸ್ವಿಚ್ಚು) ಇರುವ ಎಂಜಿನ್, ಮೊದಲಿನ ಶಕ್ತಿ ಇಲ್ಲ, ಆ ಪಾಯಿಂಟ್ ಕೂತಿರುವ ಸ್ಟೇಟರ್ ಪ್ಲೇಟಿನ ಸ್ಕ್ರೂ ಸಡಿಲಿಸಿ ಒಂದಿಷ್ಟು ತಿರುಗಿಸಿದರೆ ಸಾಕೆಂದು ಯಾರೋ ಹೇಳಿದ್ದಾರೆ. ನನಗೂ ಹೀಗೇ ಹೇಳಿದ್ದರು. ಆ ಎಂಜಿನ್‌ನ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 40 ಮಿ.ಮೀ., ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ 75 ಮಿ.ಮೀ. ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದು, ಅಂದರೆ ಟಿಡಿಸಿಗೆ 20 ಡಿಗ್ರಿ ಮೊದಲು ಕಿಡಿ ಹಾರಬೇಕು. ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಚಕ್ರದ, ಅಂದರೆ ಮ್ಯಾಗ್ನೆಟ್ಟಿನ ಮೇಲಿನ ಗುರುತು ತುಕ್ಕಿನಲ್ಲಿ ಅಳಿಸಿಹೋಗಿತ್ತು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇಳಿಬಿಟ್ಟು ಮ್ಯಾಗ್ನೆಟ್ ತಿರುಗಿಸಿದೆ. ಸ್ಕ್ರೂಡ್ರೈವರ್ ಮೆಲ್ಲಗೆ ಏರುತ್ತಾ ಬಂದು ನಿಂತಿತು. ನಿಂತದ್ದೇ ಟಿಡಿಸಿ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

ಕೆಟ್ಟದ್ದು ಅಲ್ಲಿಯೇ. ಇದನ್ನು ಸ್ವಲ್ಪ ಎಳೆದೆಳೆದು ಹೇಳುತ್ತೇನೆ, ಸಹಿಸಿಕೊಳ್ಳಿ. ಕ್ರ್ಯಾಂಕ್ ಒಂದೇ ಸಮನೆ ತಿರುಗಿದರೂ ಪಿಸ್ಟನ್ ಒಂದೇ ಸಮನೆ ಏರುವುದಿಲ್ಲ. ಜೋಕಾಲಿ ತುದಿಗೆ ಹೋಗಿ ಹಿಂತಿರುಗುವ ಮುನ್ನ ತಡೆದು ನಿಂತಂತೆ ಕಾಣುತ್ತದಲ್ಲ, ಹಾಗೆ. ಟಿಡಿಸಿಗೆ 6 ಡಿಗ್ರಿ ಬಾಕಿ ಇದ್ದಾಗ ನನ್ನ ಪಿಸ್ಟನ್ ಇನ್ನು ಏರಬೇಕಿದ್ದದ್ದು ಸುಮಾರು 0.14 ಮಿ.ಮೀ. ಮಾತ್ರ. ತೂತಿನಲ್ಲಿ ಓರೆಯಾಗಿ ಅಲುಗಾಡುವ ಸ್ಕ್ರೂಡ್ರೈವರ್‌ನಲ್ಲಿ ಅಷ್ಟು ಚಲನೆ ಕಣ್ಣಿಗೂ ಕಾಣದು, ಬೆರಳಿಗೂ ತಿಳಿಯದು. ಟಿಡಿಸಿ ದಾಟಿದ ಮೇಲೂ ಇನ್ನೊಂದು 6 ಡಿಗ್ರಿ ಇದೇ ಕಥೆ. ಒಟ್ಟು 12 ಡಿಗ್ರಿಯ ಆ ಪಟ್ಟಿಯಲ್ಲಿ ಎಲ್ಲಿ ಗೆರೆ ಎಳೆದರೂ ಅದೇ ಸರಿ ಎನಿಸುತ್ತದೆ. ನಾನು ಎಳೆದದ್ದು 6 ಡಿಗ್ರಿ ಮೊದಲು. ಅಲ್ಲಿಂದ ಹಿಂದಕ್ಕೆ 20 ಅಳೆದೆ, ಎಳೆತಕ್ಕೆಂದು ಮೇಲೆ 3 ಸೇರಿಸಿದೆ. 23 ಎಂದು ನಾನು ನಂಬಿದ್ದೆ. ಕಿಡಿ ಹಾರುತ್ತಿದ್ದದ್ದು 29ರಲ್ಲಿ. ಪಿಸ್ಟನ್ 1.5 ಮಿ.ಮೀ. ಕೆಳಗಿರುವಾಗ ಬರಬೇಕಾದ ಕಿಡಿ 3 ಮಿ.ಮೀ.ಗೂ ಕೆಳಗಿರುವಾಗ ಬರುತ್ತಿತ್ತು.

ಎಂಜಿನ್ ಎಚ್ಚರಿಸಲಿಲ್ಲ ಎಂದು ದೂರುವಂತಿಲ್ಲ. ಸ್ಟಾರ್ಟ್ ಮಾಡುವಾಗ ಹಗ್ಗವನ್ನು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಜಗ್ಗಿತು. ಕಂಪ್ರೆಷನ್ ಚೆನ್ನಾಗಿದೆ ಎಂದು ಹಿಗ್ಗಿದೆ. ಎರಡನೆಯ ದಿನ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಮಿನುಗುವ ಚುಕ್ಕೆಗಳಿದ್ದವು. ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದೆ. ಅವು ಪಿಸ್ಟನ್‌ನಿಂದ ಹಾರಿ ಬಂದ ಅಲ್ಯೂಮಿನಿಯಂ. ಮೂರನೆಯ ದಿನ ಪೂರ್ತಿ ಲೋಡಿನಲ್ಲಿ ಓಡುತ್ತಿರುವಾಗ ದನಿ ಕುಗ್ಗಿ ನಿಂತೇಹೋಯಿತು. ಹೆಡ್ ಬಿಚ್ಚಿದರೆ ಪಿಸ್ಟನ್ ತಲೆಯಲ್ಲಿ ಪೆನ್ಸಿಲ್ ತೂರುವಷ್ಟು ತೂತು, ಅಂಚು ಕರಗಿದ ಮೇಣದಂತೆ. ಟೂ-ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಸ್ಫೋಟ, ಪಿಸ್ಟನ್ನಿಗೆ ತಣಿಯಲು ಬಿಡುವಿಲ್ಲ. ಕಿಡಿ ಬೇಗ ಬಂದಷ್ಟೂ ಬಿಸಿ ಪಿಸ್ಟನ್ ತಲೆಗೆ ಏರುತ್ತದೆ.

ಸಿಲಿಂಡರ್ ಬಿಚ್ಚಿದಾಗ ಇನ್ನೊಂದು ಕಂಡಿತು, ಅದೇ ಹೆಚ್ಚು ನಾಚಿಕೆಯದು: ಹೊಗೆ ಹೊರಹೋಗುವ ಪೋರ್ಟ್ ಅರ್ಧದಷ್ಟು ಕಾರ್ಬನ್ ಕಟ್ಟಿ ಮುಚ್ಚಿತ್ತು. ಎಳೆತ ಹೋಗಿದ್ದು ಅದರಿಂದ. ಟೈಮಿಂಗ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗುತ್ತಿಲ್ಲ. ಹೊಸದಿದ್ದಾಗ ಕಂಪನಿ ಇಟ್ಟ ಟೈಮಿಂಗ್‌ನಲ್ಲೇ ಚೆನ್ನಾಗಿ ಎಳೆಯುತ್ತಿದ್ದ ಎಂಜಿನ್‌ಗೆ ಈಗ ಏಕೆ ಹೆಚ್ಚು ಅಡ್ವಾನ್ಸ್ ಬೇಕು? ಮೊದಲು ಪೋರ್ಟ್ ಮತ್ತು ಸೈಲೆನ್ಸರ್ ನೋಡಿ. ಆಮೇಲೆ ಪಾಯಿಂಟ್ ಗ್ಯಾಪ್: ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.3ರಿಂದ 0.4 ಮಿ.ಮೀ. ಪಾಯಿಂಟ್ ತೆರೆಯುವ ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಸವೆದಂತೆ ಗ್ಯಾಪ್ ಕಿರಿದಾಗಿ ಕಿಡಿ ತಾನಾಗಿಯೇ ತಡವಾಗುತ್ತದೆ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ಗ್ಯಾಪ್ ಸರಿಪಡಿಸಿದರೆ ನೀವು ಹುಡುಕುತ್ತಿರುವ ಮೂರ್ನಾಲ್ಕು ಡಿಗ್ರಿ ಅಲ್ಲೇ ಸಿಕ್ಕೀತು. ಮ್ಯಾಗ್ನೆಟ್ ಬಿಚ್ಚಿದಾಗ, ಅದು ಶಾಫ್ಟಿನ ಮೇಲೆ ಜರುಗದಂತೆ ತಡೆಯುವ ಕೀಯನ್ನೂ ನೋಡಿ (ಪುಲ್ಲರ್ ಬಳಸಿ, ಸುತ್ತಿಗೆ ಬೇಡ). 15 ಮಿ.ಮೀ. ಶಾಫ್ಟಿನಲ್ಲಿ ಕೀ 1 ಮಿ.ಮೀ. ಜರುಗಿದರೆ ಟೈಮಿಂಗ್ ಏಳು ಡಿಗ್ರಿಗೂ ಹೆಚ್ಚು ತಪ್ಪುತ್ತದೆ.

ಇಷ್ಟಾದ ಮೇಲೂ ಟೈಮಿಂಗ್ ನೋಡಲೇಬೇಕೆಂದರೆ ಸ್ಕ್ರೂಡ್ರೈವರ್ ಮುಟ್ಟಬೇಡಿ. ಹಳೆಯ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ತುದಿ ಉರುಟು ಮಾಡಿದ ಬೋಲ್ಟ್ ಒಂದನ್ನು ಅದರಲ್ಲಿ ಭದ್ರಪಡಿಸಿ ಪ್ಲಗ್ ಜಾಗಕ್ಕೆ ಹಾಕಿ. ಪಿಸ್ಟನ್ ಮೇಲೆ ಬರುವ ಮೊದಲೇ ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಮ್ಯಾಗ್ನೆಟ್ಟನ್ನು ಕೈಯಿಂದಲೇ, ಮೆಲ್ಲಗೆ, ಒಂದು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಗೆರೆ. ಎದುರು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಇರುವುದು ಟಿಡಿಸಿ. ಬೋಲ್ಟ್ ತೆಗೆದು, ಪಾಯಿಂಟ್ ನಡುವೆ ತೆಳು ಕಾಗದದ ಚೂರು ಸಿಕ್ಕಿಸಿ ಮೆಲ್ಲಗೆ ಜಗ್ಗುತ್ತಾ ತಿರುಗಿಸಿ. ಕಾಗದ ಜಾರಿದ ಗಳಿಗೆಯೇ ಕಿಡಿಯ ಗಳಿಗೆ. 120 ಮಿ.ಮೀ. ವ್ಯಾಸದ ಮ್ಯಾಗ್ನೆಟ್ ಆದರೆ ಅಂಚಿನಲ್ಲಿ 1 ಡಿಗ್ರಿ ಸುಮಾರು 1 ಮಿ.ಮೀ., ಲೆಕ್ಕ ಸುಲಭ. ಸ್ಟೇಟರ್ ಪ್ಲೇಟನ್ನು ಎಂಜಿನ್ ತಿರುಗುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸ್ ಆಗುತ್ತದೆ. ಕಂಪನಿ ಹೇಳಿದ ಅಂಕಿಗೆ ತಂದು ಅಲ್ಲೇ ಬಿಗಿ ಮಾಡಿ.

ಈಗ ನಿಮ್ಮ ಎಂಜಿನ್‌ನ ಗ್ಯಾಪ್ ಎಷ್ಟಿದೆ, ಪೋರ್ಟ್ ಹೇಗಿದೆ ಎಂದು ನೋಡಿ ಬರೆಯಿರಿ. ಸ್ಟಾರ್ಟ್ ಮಾಡುವಾಗ ಹಗ್ಗ ಹಿಂದಕ್ಕೆ ಜಗ್ಗುತ್ತದೆಯೇ ಎಂಬುದನ್ನೂ ತಿಳಿಸಿ.